ಎದೆಬಡಿತಕ್ಕೂ ಭಯಕ್ಕೂ ಬೀಳುವ ಗಂಟು

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಪ್ರತಿ ಸೋಮವಾರವೂ ಗಣಿತದ ಪಾಠದ ವೇಳೆಗೆ ಹೊಟ್ಟೆನೋವೆಂದು ನನ್ನ ಕೊಠಡಿಗೆ ಬರುತ್ತಿದ್ದಳು. ಮುಖವು ಬಿಳಿಚಿಕೊಂಡಿರುತ್ತಿತ್ತು, ಅಂಗೈಗಳು ಬೆವರಿ ತಣ್ಣಗಿರುತ್ತಿದ್ದವು. ಇದು ಸೋಗಲ್ಲವೆಂಬುದು ಸ್ಪಷ್ಟವಾಗಿತ್ತು. ವೈದ್ಯರು ಪರೀಕ್ಷಿಸಿ ರೋಗವೇನೂ ಇಲ್ಲವೆಂದರು. ನಾನು ಕನಿಕರಪಟ್ಟು ಆಕೆಯನ್ನು ಮನೆಗೆ ಕಳುಹಿಸುತ್ತಿದ್ದೆನು. ಆ ಕನಿಕರವೇ ಆಕೆಗೆ ಹಾನಿಮಾಡಿತೆಂಬುದು ನನಗೆ ತಿಳಿಯುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ತಾಯಿತಂದೆಗಳಿಗೆ ಉಪಯೋಗವಾದೀತೆಂದು ಆ ಸಂಗತಿಯನ್ನು ಇಲ್ಲಿ ವಿವರಿಸುತ್ತೇನೆ.

ಭಯವು ಮನಸ್ಸಿನದೆಂದು ನಾವು ಹೇಳಿದರೂ ಅದು ಕಾಣಿಸಿಕೊಳ್ಳುವುದು ದೇಹದಲ್ಲಿ. ‘ಎದೆ ಝಲ್ಲೆಂದಿತು’, ‘ಕೈಕಾಲು ತಣ್ಣಗಾದವು’ ಎಂದು ಎಲ್ಲರೂ ಆಡುತ್ತೇವೆ. 22ನೆಯ ಕೀರ್ತನೆಯಲ್ಲಿ ಸಂಕಟಪಡುವವನೂ ತನ್ನ ಎಲುಬು, ಎದೆ, ನಾಲಿಗೆಗಳ ಅವಸ್ಥೆಯನ್ನೇ ಹೇಳಿಕೊಳ್ಳುತ್ತಾನೆ. ಇದು ಬರಿಯ ಅಲಂಕಾರವಲ್ಲ. ಅಪಾಯವೆಂದು ಮೆದುಳು ಬಗೆದ ಕೂಡಲೆ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯವು ವೇಗವಾಗಿ ಬಡಿಯುತ್ತದೆ, ಜಠರಕ್ಕೆ ಹೋಗುವ ರಕ್ತವು ಕಡಿಮೆಯಾಗಿ ಸ್ನಾಯುಗಳಿಗೆ ಹೆಚ್ಚಾಗಿ ಹರಿಯುತ್ತದೆ, ಉಸಿರು ಬಿರುಸಾಗುತ್ತದೆ. ಕುಳಿತಲ್ಲಿಯೇ ಹೀಗೆ ಬಿರುಸಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡು ತಗ್ಗಿ, ತಲೆ ತಿರುಗಿ ಬೆರಳುಗಳು ಜುಮ್ಮೆನ್ನುತ್ತವೆ. ಹಾವನ್ನು ಕಂಡು ಓಡಬೇಕಾದವಳಿಗೆ ಈ ಸಿದ್ಧತೆಯು ಉಪಕಾರಿ. ಬೆಂಚಿನ ಮೇಲೆ ಕುಳಿತವಳಿಗೆ ಅದೇ ಹೊಸದೊಂದು ಹೆದರಿಕೆ.

ರಷ್ಯಾ ದೇಶದ ವಿಜ್ಞಾನಿ ಇವಾನ್ ಪಾವ್ಲೋವ್ (1849–1936) ನಾಯಿಗೆ ಆಹಾರ ಕೊಡುವ ಮುನ್ನ ತಾಳಯಂತ್ರದ ಸದ್ದನ್ನು ಕೇಳಿಸುತ್ತಿದ್ದನು. ಹಲವು ಸಾರಿ ಹೀಗೆ ನಡೆದ ಮೇಲೆ, ಆಹಾರವಿಲ್ಲದೆ ಆ ಸದ್ದು ಮಾತ್ರ ಕೇಳಿದರೂ ನಾಯಿಯ ಬಾಯಲ್ಲಿ ಜೊಲ್ಲು ಬಂದಿತು. ನಮ್ಮಲ್ಲಿಯೂ ಜೊತೆಯಾಗಿ ಬಂದ ಸಂಗತಿಗಳು ಹೀಗೆಯೇ ಗಂಟುಬೀಳುತ್ತವೆ. ವಿಶೇಷವೇನೆಂದರೆ, ಆ ತಾಳಯಂತ್ರವು ಹೊರಗೇ ಇರಬೇಕೆಂದಿಲ್ಲ. ಒಮ್ಮೆ ಭಯದೊಡನೆ ಬಂದ ಎದೆಬಡಿತವು ಮುಂದೆ ತಾನೇ ಭಯವನ್ನು ಕರೆಯಬಲ್ಲದು. ಮೆಟ್ಟಿಲು ಹತ್ತಿ ಎದೆ ಬಡಿದರೂ ಏನೋ ಆಗಲಿದೆಯೆಂಬ ಕಳವಳ. ಕಳವಳದಿಂದ ಬಡಿತ ಇನ್ನಷ್ಟು. ಅದರಿಂದ ಕಳವಳ ಇಮ್ಮಡಿ. ಹಠಾತ್ತಾಗಿ ಬರುವ ತೀವ್ರ ಗಾಬರಿಗೆ, ದೇಹದ ನಿರಪಾಯವಾದ ಅನುಭವಗಳನ್ನು ಕೇಡಿನ ಗುರುತೆಂದು ತಪ್ಪಾಗಿ ತಿಳಿಯುವುದೇ ಕಾರಣವೆಂದು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಹಗ್ಗವನ್ನು ಹಾವೆಂದು ಬಗೆಯುವುದು ಹಳೆಯ ದೃಷ್ಟಾಂತ. ಇಲ್ಲಿಯ ಹಗ್ಗವು ನಮ್ಮೊಳಗೇ ಇರುವುದರಿಂದ ದೀಪ ಹಿಡಿದು ನೋಡುವುದು ಅಷ್ಟು ಸುಲಭವಲ್ಲ.

ಆ ಬಾಲಕಿಗೆ ಮೊದಲ ಸಾರಿ ನಿಜವಾಗಿಯೇ ಹೊಟ್ಟೆ ಕೆಟ್ಟಿತ್ತು. ಅದೇ ದಿನ ಕರಿಹಲಗೆಯ ಮುಂದೆ ಲೆಕ್ಕ ತಪ್ಪಿ, ತರಗತಿಯೆಲ್ಲವೂ ನಕ್ಕಿತ್ತು. ನಾನು ಮನೆಗೆ ಕಳುಹಿಸಿದೊಡನೆ ನೋವು ಇಳಿಯುತ್ತಿತ್ತು. ತಪ್ಪಿಸಿಕೊಂಡುದರಿಂದಲೇ ಉಳಿದೆನೆಂದು ಆಕೆಯ ಮನಸ್ಸು ಕಲಿಯುತ್ತಿತ್ತು. ವಾರವಾರವೂ ಆ ಪಾಠವನ್ನು ಕಲಿಸಿದವಳು ನಾನೇ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಗದರಿಸಿ ಕೂರಿಸಿದ್ದರೂ ಗಂಟು ಬಿಗಿಯುತ್ತಿತ್ತಲ್ಲದೆ ಸಡಿಲುತ್ತಿರಲಿಲ್ಲ.

1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆಯು ಮೊಲಕ್ಕೆ ಹೆದರುತ್ತಿದ್ದ ಚಿಕ್ಕ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದಳು. ಅವನಿಗೆ ಇಷ್ಟವಾದ ತಿಂಡಿಯನ್ನು ಕೊಡುತ್ತ, ಪಂಜರದಲ್ಲಿದ್ದ ಮೊಲವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹತ್ತಿರ ತಂದಳು. ಕೊನೆಗೆ ಹುಡುಗನು ಅದನ್ನು ಮುಟ್ಟಿ ಸವರಿದನು. ನಾವೂ ಹಾಗೆಯೇ ಮಾಡಿದೆವು. ಮೊದಲು ಗೆಳತಿಯ ಪಕ್ಕದಲ್ಲಿ, ಬಾಗಿಲ ಬಳಿ, ಹತ್ತೇ ನಿಮಿಷ, ಆಮೇಲೆ ಹದಿನೈದು. ವ್ಯಾಯಾಮದ ಉಪಾಧ್ಯಾಯಿನಿಯು ಮೈದಾನದಲ್ಲಿ ಆಕೆಯನ್ನು ಓಡಿಸಿ, ಏದುಸಿರು ಬಿಡುತ್ತಿರುವಾಗಲೇ ನಾಡಿಯನ್ನು ಎಣಿಸಲು ಕಲಿಸಿದರು. ನಗುತ್ತಿರುವಾಗಲೂ ಎದೆಯು ಹಾಗೆ ಬಡಿಯಬಲ್ಲದೆಂದು ಆಕೆ ಕಂಡುಕೊಂಡದ್ದು ಅಲ್ಲಿಯೇ. ಹಾಗೆಂದು ಪ್ರತಿಯೊಂದು ನೋವನ್ನೂ ಮನಸ್ಸಿನದೆಂದು ತಳ್ಳಿಬಿಡಬಾರದು. ಮೊದಲು ವೈದ್ಯರಿಗೆ ತೋರಿಸಲೇಬೇಕು. ಗಾಬರಿಯು ಊಟ ನಿದ್ರೆಗಳನ್ನು ಕೆಡಿಸುವಷ್ಟಾದರೆ ಮನೋವೈದ್ಯರ ಬಳಿಗೆ ಹೋಗಲು ಸಂಕೋಚಪಡಬಾರದು.

ಮೂರನೆಯ ತಿಂಗಳ ಒಂದು ಸೋಮವಾರ ಆಕೆ ಮತ್ತೆ ನನ್ನ ಬಾಗಿಲಿಗೆ ಬಂದಳು. “ಟೀಚರ್, ಇವತ್ತೂ ಹೊಟ್ಟೆಯಲ್ಲಿ ತಳಮಳ ಇದೆ. ಆದರೂ ಹೋಗುತ್ತೇನೆ” ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ತರಗತಿಯತ್ತ ನಡೆದಳು.