ರೈತರಿಗೆ ತಕ್ಕ ಕಡಿಮೆ ಬೆಲೆಯ ಸ್ಮಾರ್ಟ್‌ಫೋನು: ಅದರ ಆಯ್ಕೆ ಮತ್ತು ಉಪಯೋಗ

ಎತ್ತನ್ನು ಕೊಳ್ಳತಕ್ಕ ರೈತನು ಅದರ ಹಲ್ಲು, ಗೊರಸು, ಸುಳಿಗಳನ್ನು ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಬೆಲೆಯ ಮಾತನ್ನೆತ್ತುವುದು ವಾಡಿಕೆ. ಅದೇ ರೈತನು ಸ್ಮಾರ್ಟ್‌ಫೋನನ್ನು ಕೊಳ್ಳಲು ಪೇಟೆಗೆ ಹೋದಾಗ ಮಾತ್ರ ಅಂಗಡಿಯವನು ಮುಂದಿಟ್ಟದ್ದನ್ನೇ ತೆಗೆದುಕೊಂಡು ಬರುವುದುಂಟು. ಎತ್ತು ಉಳುತ್ತದೆ, ಫೋನಾದರೋ ಉತ್ತು ಬೆಳೆದ ಪೈರಿನ ಲೆಕ್ಕವನ್ನು ಸರ್ಕಾರಕ್ಕೆ ತಿಳಿಸುತ್ತದೆ, ಮಾರಿದ ಹಣವನ್ನು ತರುತ್ತದೆ, ಅಜಾಗ್ರತೆಯಿಂದಿದ್ದರೆ ಆ ಹಣವನ್ನು ಕಳೆಯುವುದಕ್ಕೂ ಕಾರಣವಾಗುತ್ತದೆ. ಆದಕಾರಣ ಇದನ್ನು ಆರಿಸುವುದರಲ್ಲಿಯೂ ಉಪಯೋಗಿಸುವುದರಲ್ಲಿಯೂ ಬೇಸಾಯದ ಇತರ ಉಪಕರಣಗಳಿಗೆ ಕೊಡುವಷ್ಟೇ ಗಮನವನ್ನು ಕೊಡುವುದು ಅವಶ್ಯಕ.

ಭಾರತದಲ್ಲಿ ಮೊದಲನೆಯ ಮೊಬೈಲ್ ಕರೆ ನಡೆದದ್ದು 1995ನೆಯ ಜುಲೈ 31ರಂದು. ಆಗ ಅದು ಮಾತನಾಡುವ ಯಂತ್ರ ಮಾತ್ರವಾಗಿತ್ತು. 2000ದಲ್ಲಿ ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಸೇರಿದವು. 2020ರ ಮುಂಗಾರಿನಿಂದ ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ವಿವರವನ್ನು ಫೋನಿನಿಂದ ದಾಖಲಿಸುವ ಕ್ರಮವು ಜಾರಿಗೆ ಬಂದಿತು. ಬೆಂಗಳೂರಿನ ಪಶ್ಚಿಮ ಭಾಗದ ಹಿಡುವಳಿದಾರರಿಗೆ ಈ ಬದಲಾವಣೆಯು ವಿಶೇಷವಾಗಿ ಸಂಬಂಧಪಟ್ಟಿದೆ. 1949ರಲ್ಲಿ ಶಂಕುಸ್ಥಾಪನೆಯಾದ ರಾಜಾಜಿನಗರವೂ, ತರುವಾಯ ಬೆಳೆದ ವಿಜಯನಗರ, ಬಸವೇಶ್ವರನಗರಗಳೂ ಪೂರ್ತಿಯಾಗಿ ಪಟ್ಟಣವಾಗಿವೆ. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಯನ್ನು ಮುಟ್ಟಿತು. ಬೇಸಾಯವು ಹಿಂದೆ ಸರಿದು ಸೂಲಿಕೆರೆ, ರಾಮೋಹಳ್ಳಿ, ತಾವರೆಕೆರೆಯ ಕಡೆ ಉಳಿದುಕೊಂಡಿದೆ. ಪಟ್ಟಣದ ಅಂಚಿನ ಭೂಮಿಗೆ ಬೆಲೆಯೂ ಹೆಚ್ಚು, ತಕರಾರೂ ಹೆಚ್ಚು. ಅಲ್ಲಿ ದಾಖಲೆಯು ಚೊಕ್ಕಟವಾಗಿರಬೇಕಾದುದು ಇನ್ನೂ ಹೆಚ್ಚು.

ಒಂದು ಉದಾಹರಣೆ

ಕೆಂಗೇರಿ ಹೋಬಳಿಯಲ್ಲಿ ಎರಡು ಎಕರೆ ಖುಷ್ಕಿಯುಳ್ಳ ಒಬ್ಬ ರೈತನಿದ್ದಾನೆಂದು ಭಾವಿಸೋಣ. ಅವನು ರಾಗಿಯನ್ನು ಬಿತ್ತಿ, ಅಕ್ಕಡಿ ಸಾಲುಗಳಲ್ಲಿ ಅವರೆಯನ್ನು ಹಾಕಿದ್ದಾನೆ. ಬೆಳೆ ಸಮೀಕ್ಷೆಯನ್ನು ತಾನು ಮಾಡಲಿಲ್ಲ. ಅವನ ಪರವಾಗಿ ಮಾಡಿದವರು ಪಕ್ಕದ ನೀಲಗಿರಿ ತೋಪನ್ನು ಅವನ ಸರ್ವೆ ನಂಬರಿಗೆ ಬರೆದರು. ರಾಗಿಯೇನೋ ಚೆನ್ನಾಗಿಯೇ ಬಂದಿತು. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ‘ಫ್ರೂಟ್ಸ್’ ಸಂಖ್ಯೆಯನ್ನು ಹಾಕಿ ನೋಡಿದಾಗ ದಾಖಲೆಯಲ್ಲಿ ರಾಗಿಯೇ ಇಲ್ಲ. ಬೆಳೆ ವಿಮೆ ಮಾಡಿಸಿದ್ದರೆ ಅಲ್ಲಿಯೂ ಇದೇ ತೊಡಕು: ವಿಮೆ ಮಾಡಿಸಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವ ಬೆಳೆ ಮತ್ತೊಂದಾದರೆ ಪರಿಹಾರದ ಅರ್ಜಿಯು ತಿರಸ್ಕೃತವಾಗಬಹುದು. ವರ್ಷದ ದುಡಿಮೆಯು ಅರ್ಧ ಗಳಿಗೆಯ ಅಲಕ್ಷ್ಯದಿಂದ ಕೈತಪ್ಪುವುದೆಂದರೆ ಇದೇ. ಫೋನು ಬೇಕೆ, ಬೇಡವೆ ಎಂಬ ಪ್ರಶ್ನೆ ಇನ್ನು ಉಳಿದಿಲ್ಲ. ಯಾವುದನ್ನು ಕೊಳ್ಳಬೇಕು, ಹೇಗೆ ನಡೆಸಬೇಕು ಎಂಬುದೇ ಪ್ರಶ್ನೆ.

ಕೊಳ್ಳುವಾಗ ನೋಡತಕ್ಕ ಅಂಶಗಳು

ಬೇಸಾಯದ ಕೆಲಸಕ್ಕೆ ಹೆಚ್ಚು ಬೆಲೆಯ ಫೋನು ಅವಶ್ಯವಿಲ್ಲ. ಸುಮಾರು ಹತ್ತು ಸಾವಿರ ರೂಪಾಯಿಗಳ ಆಸುಪಾಸಿನ ಆಂಡ್ರಾಯ್ಡ್ ಫೋನುಗಳಲ್ಲಿಯೇ ತಕ್ಕದ್ದನ್ನು ಆರಿಸಬಹುದು. ಆದರೆ ಈ ಕೆಳಗಿನ ವಿಷಯಗಳನ್ನು ಒಂದೊಂದಾಗಿ ವಿಚಾರಿಸತಕ್ಕದ್ದು.

(1) ರ‍್ಯಾಮ್ ಮತ್ತು ಸಂಗ್ರಹ. ರ‍್ಯಾಮ್ ಎಂಬುದು ಕಣದಂತೆ, ಸಂಗ್ರಹವೆಂಬುದು ಕಣಜದಂತೆ. ಕಣವು ಇಕ್ಕಟ್ಟಾದರೆ ಒಕ್ಕಣೆಯು ನಿಧಾನ. ಕಣಜವು ತುಂಬಿದರೆ ಹೊಸ ಕಾಳಿಗೆ ಸ್ಥಳವಿಲ್ಲ. ರ‍್ಯಾಮ್ 4 ಜಿ.ಬಿ.ಗೆ ಕಡಿಮೆಯಿರಕೂಡದು, 6 ಜಿ.ಬಿ. ಇದ್ದರೆ ಮೇಲು. ಸಂಗ್ರಹವು 64 ಜಿ.ಬಿ.ಗೆ ಕಡಿಮೆಯಿಲ್ಲದೆ, ಸಾಧ್ಯವಾದರೆ 128 ಜಿ.ಬಿ. ಇರಲಿ. ಡಬ್ಬಿಯ ಮೇಲೆ ‘4+4’ ಎಂದು ಬರೆದಿದ್ದರೆ ಅದನ್ನು ಎಂಟೆಂದು ಎಣಿಸಬಾರದು. ಎರಡನೆಯ ನಾಲ್ಕು ಕಣಜದಿಂದ ಕಡ ತಂದ ಸ್ಥಳವೇ ಹೊರತು ನಿಜವಾದ ಕಣವಲ್ಲ.

(2) ಬ್ಯಾಟರಿ. 5,000 ಎಂ.ಎ.ಎಚ್. ಅಥವಾ ಅದಕ್ಕೂ ಹೆಚ್ಚು ಸಾಮರ್ಥ್ಯವುಳ್ಳದ್ದು ಬೆಳಗಿನಿಂದ ರಾತ್ರಿಯವರೆಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಳ್ಳಿಯಲ್ಲಿ ವಿದ್ಯುತ್ತು ಹೋಗಿ ಬರುವುದರಿಂದ ಈ ಅಂಶದಲ್ಲಿ ರಾಜಿ ಮಾಡಿಕೊಳ್ಳಬಾರದು.

(3) ಪರದೆ. ಅಂಗಡಿಯ ದೀಪದ ಕೆಳಗೆ ಎಲ್ಲ ಪರದೆಗಳೂ ಥಳಥಳಿಸುತ್ತವೆ. ಫೋನನ್ನು ಬೀದಿಯ ಬಿಸಿಲಿಗೆ ತಂದು ಅಕ್ಷರವು ಕಾಣಿಸುವುದೋ ಇಲ್ಲವೋ ನೋಡತಕ್ಕದ್ದು. ಹೊಲದಲ್ಲಿ ಓದಬೇಕಾಗಿರುವುದು ಬಿಸಿಲಿನಲ್ಲಿಯೇ.

(4) ಕ್ಯಾಮರಾ. ‘50 ಮೆಗಾಪಿಕ್ಸೆಲ್’ ಎಂಬ ಸಂಖ್ಯೆಯೊಂದರಿಂದಲೇ ಚಿತ್ರವು ಚೆನ್ನಾಗಿರುತ್ತದೆಂದು ತಿಳಿಯಬಾರದು. ಅಂಗಡಿಯ ಮುಂದಿನ ಯಾವುದಾದರೂ ಗಿಡದ ಎಲೆಯನ್ನು ಒಂದು ಗೇಣು ದೂರದಿಂದ ತೆಗೆದು, ನರಗಳು ಸ್ಪಷ್ಟವಾಗಿ ಕಾಣುತ್ತವೆಯೋ ಎಂದು ಪರೀಕ್ಷಿಸುವುದು ಒಳ್ಳೆಯದು.

(5) ಬೀಗ. ಕೆಲಸದಿಂದ ಸವೆದ ಬೆರಳುಗಳ ಗುರುತನ್ನು ಯಂತ್ರವು ಅನೇಕ ವೇಳೆ ಹಿಡಿಯುವುದಿಲ್ಲ. ಅಂಥವರು ಆರು ಅಂಕಿಗಳ ಗುಪ್ತ ಸಂಖ್ಯೆಯನ್ನು ಇಟ್ಟುಕೊಳ್ಳುವುದು ಅನುಕೂಲ. ಹುಟ್ಟಿದ ವರ್ಷವನ್ನಾಗಲಿ 123456 ಎಂದಾಗಲಿ ಇಡಬಾರದು.

(6) ತಯಾರಾದ ತಿಂಗಳು ಮತ್ತು ಬೆಲೆ. ಇವೆರಡೂ ಡಬ್ಬಿಯ ಮೇಲೆ ಅಚ್ಚಾಗಿರುತ್ತವೆ. ಬಹಳ ಕಾಲ ಅಂಗಡಿಯಲ್ಲಿದ್ದ ಸರಕಿಗೆ ಸುರಕ್ಷತೆಯ ಪರಿಷ್ಕರಣಗಳು ಬೇಗ ನಿಂತುಹೋಗುತ್ತವೆ. ಎಷ್ಟು ವರ್ಷಗಳವರೆಗೆ ಪರಿಷ್ಕರಣ ದೊರೆಯುವುದೆಂದು ಕೇಳಿಯೇ ಕೊಳ್ಳಬೇಕು. ವಿಜಯನಗರ, ರಾಜಾಜಿನಗರದಂತಹ ಕಡೆ ಅಂಗಡಿಗಳು ಬಹಳವಾಗಿರುವುದರಿಂದ ಎರಡು ಮೂರು ಕಡೆ ವಿಚಾರಿಸುವುದು ಕಷ್ಟವಲ್ಲ. ಜೊತೆಗೆ, ತಮ್ಮ ಗ್ರಾಮದಲ್ಲಿ ಯಾವ ಕಂಪನಿಯ ಸಂಕೇತವು ಹೊಲದವರೆಗೂ ಸಿಕ್ಕುವುದೆಂದು ನೆರೆಯವರನ್ನು ಕೇಳಿ ಸಿಮ್ಮನ್ನು ತೆಗೆದುಕೊಳ್ಳತಕ್ಕದ್ದು.

ಬಳಸಿದ ಫೋನು. ಪ್ರತಿ ಫೋನಿಗೂ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯುಂಟು. *#06# ಎಂದು ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಈ ಸಂಖ್ಯೆಯೂ ರಸೀತಿಯ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಕೇಂದ್ರ ಸರ್ಕಾರವು 2023ರಲ್ಲಿ ತೆರೆದ ‘ಸಂಚಾರ ಸಾಥಿ’ಯಲ್ಲಿ ಈ ಸಂಖ್ಯೆಯನ್ನು ಕೊಟ್ಟು, ಫೋನು ಕಳವಿನದೆಂದು ತಡೆಹಿಡಿಯಲ್ಪಟ್ಟಿದೆಯೇ ಎಂಬುದನ್ನು ತಿಳಿಯಬಹುದು. ರಸೀತಿಯಿಲ್ಲದ ಫೋನು ಎಷ್ಟು ಅಗ್ಗವಾದರೂ ಬೇಡ.

ಉಪಯುಕ್ತವಾದ ಆ್ಯಪುಗಳು

ಆ್ಯಪುಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳತಕ್ಕದ್ದು. ತಯಾರಿಸಿದವರ ಹೆಸರನ್ನು ಮೊದಲು ಓದಬೇಕು. ಇಪ್ಪತ್ತು ಆ್ಯಪುಗಳನ್ನು ತುಂಬಿಕೊಳ್ಳುವುದಕ್ಕಿಂತ ನಾಲ್ಕನ್ನು ಚೆನ್ನಾಗಿ ಕಲಿಯುವುದು ಮೇಲು.

ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಗೆ, ಈ ಹಂಗಾಮುಗಳಿಗೆ ಪ್ರತ್ಯೇಕವಾಗಿ ಹೊಸ ಆ್ಯಪು ಬರುವುದರಿಂದ ಹಿಂದಿನ ಹಂಗಾಮಿನದನ್ನು ತೆಗೆದುಹಾಕಬೇಕು. ಗ್ರಾಮ, ಸರ್ವೆ ನಂಬರು, ಹಿಸ್ಸಾಗಳನ್ನು ಆರಿಸಿ, ಹೊಲದ ಒಳಗೆ ನಿಂತು, ಬೆಳೆಯನ್ನೂ ವಿಸ್ತೀರ್ಣವನ್ನೂ ಬರೆದು, ಚಿತ್ರವನ್ನು ತೆಗೆಯಬೇಕು. ಬದುವಿನ ಮೇಲೆ ನಿಂತು ಪಕ್ಕದವರ ಹೊಲದ ಚಿತ್ರವನ್ನು ಕಳುಹಿಸಬಾರದು. ಅಕ್ಕಡಿ ಬೆಳೆಯಿದ್ದರೆ ಅದನ್ನೂ ತಪ್ಪದೆ ನಮೂದಿಸತಕ್ಕದ್ದು. ಎಕರೆಗೆ 40 ಗುಂಟೆ ಎಂಬ ಲೆಕ್ಕವನ್ನು ಮರೆತು, ಒಂದೂವರೆ ಎಕರೆಗೆ ‘1 ಎಕರೆ 50 ಗುಂಟೆ’ ಎಂದು ಬರೆಯುವ ತಪ್ಪಿಗೆ ಅವಕಾಶ ಕೊಡಬಾರದು. ಅದು ‘1 ಎಕರೆ 20 ಗುಂಟೆ’. ದಾಖಲಾದದ್ದು ಸರಿಯಾಗಿದೆಯೇ ಎಂದು ‘ಬೆಳೆ ದರ್ಶಕ’ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆಯನ್ನು ಸಲ್ಲಿಸಬೇಕು. ಪೈರು ಹೊಲದಲ್ಲಿರುವಾಗ ತಿದ್ದುವುದು ಸುಲಭ. ಕೊಯ್ಲಾದ ಮೇಲೆ ಸಾಕ್ಷಿಯೇ ಇರುವುದಿಲ್ಲ.

ಪಹಣಿ ಮತ್ತು ದಿಶಾಂಕ್. ‘ಭೂಮಿ’ಯ ಜಾಲತಾಣದಲ್ಲಿ ಹಿಡುವಳಿದಾರರು ತಮ್ಮ ಪಹಣಿಯನ್ನು ತಿಂಗಳಿಗೊಮ್ಮೆಯಾದರೂ ನೋಡುವುದು ಒಳ್ಳೆಯದು. 9ನೆಯ ಕಾಲಮಿನ ಹೆಸರನ್ನೂ 11ನೆಯ ಕಾಲಮಿನ ಋಣಗಳನ್ನೂ ವಿಶೇಷವಾಗಿ ಗಮನಿಸಬೇಕು. ಪಟ್ಟಣದ ಅಂಚಿನ ಭೂಮಿಯಲ್ಲಿ ಬದಲಾವಣೆಯನ್ನು ತಡವಾಗಿ ಕಂಡವನು ಕಚೇರಿಗಳನ್ನು ಹೆಚ್ಚಾಗಿ ಅಲೆಯಬೇಕಾಗುತ್ತದೆ. ರಾಜ್ಯ ದೂರಸಂವೇದಿ ಕೇಂದ್ರದ ‘ದಿಶಾಂಕ್’ ಆ್ಯಪು ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುತ್ತದೆ. ಇದು ಬಹು ಉಪಯುಕ್ತವಾದದ್ದಾದರೂ ಇದರಿಂದ ಬದುವಿನ ವ್ಯಾಜ್ಯವನ್ನು ತೀರ್ಮಾನಿಸಕೂಡದು. ಕಾರಣವೇನೆಂದರೆ, ಬಯಲಿನಲ್ಲಿಯೇ ಫೋನು ಸುಮಾರು 5 ಮೀಟರಿನಷ್ಟು ತಪ್ಪಬಹುದು. ಮರಗಳ ಕೆಳಗೆ ಇನ್ನೂ ಹೆಚ್ಚು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಸುಮಾರು 10 ಮೀಟರಿನ ಚೌಕ. ಅರ್ಧ ಗುಂಟೆಯ ಅಗಲವು ಫೋನಿನ ತಪ್ಪಿನಲ್ಲಿಯೇ ಹೋಗುವುದಾದರೆ ಅದನ್ನು ನಂಬಿ ಬೇಲಿಯನ್ನು ಕೀಳಿಸುವುದು ಹೇಗೆ? ಹದ್ದುಬಸ್ತಿಗೆ ಸರ್ವೆಯವರ ಅಳತೆಯೇ ಪ್ರಮಾಣ.

ಹವೆಯ ಮುನ್ಸೂಚನೆ. 2019ರಲ್ಲಿ ಹೊರಬಂದ ‘ಮೇಘದೂತ್’ ಆ್ಯಪು ಜಿಲ್ಲೆಯ ಮಳೆ, ಉಷ್ಣತೆ, ಗಾಳಿಗಳ ಮುನ್ಸೂಚನೆಯನ್ನೂ, ಮಂಗಳವಾರ ಮತ್ತು ಶುಕ್ರವಾರಗಳಂದು ಬೆಳೆಗಳಿಗೆ ತಕ್ಕ ಸಲಹೆಯನ್ನೂ ಕನ್ನಡದಲ್ಲಿ ಕೊಡುತ್ತದೆ. ರಾಗಿಯನ್ನು ಕೊಯ್ದು ಹೊಲದಲ್ಲಿ ಹರಡಿರುವಾಗ ಮಳೆ ಬಂದರೆ ತೆನೆಯೂ ಹುಲ್ಲೂ ಕೆಡುವುದನ್ನು ಬಲ್ಲವರು ಕೊಯ್ಲಿಗೆ ಮುಂಚೆ ಇದನ್ನು ನೋಡದೆ ಇರಬಾರದು. ಆದರೆ ಮುನ್ಸೂಚನೆಯು ಜಿಲ್ಲೆಗೆ ಸಂಬಂಧಿಸಿದ್ದು, ಒಂದು ಹೊಲಕ್ಕಲ್ಲ. ಆಕಾಶವನ್ನು ನೋಡುವ ಹಿರಿಯರ ಅಭ್ಯಾಸವನ್ನು ಬಿಡಬೇಕಾಗಿಲ್ಲ. ‘ದಾಮಿನಿ’ ಎಂಬ ಆ್ಯಪು ಸಮೀಪದಲ್ಲಿ ಸಿಡಿಲಿನ ಸಂಭವವಿದ್ದರೆ ಎಚ್ಚರಿಸುತ್ತದೆ. ಎಚ್ಚರಿಕೆ ಬಂದ ಕೂಡಲೆ ಬಯಲನ್ನೂ ಮರದಡಿಯನ್ನೂ ಬಿಟ್ಟು ಭದ್ರವಾದ ಕಟ್ಟಡವನ್ನು ಸೇರಬೇಕು.

ರೋಗ, ಕೀಟಗಳ ವಿಷಯ. ಗಿಡದ ಪೂರ್ಣ ಚಿತ್ರವೊಂದು, ರೋಗ ತಗುಲಿದ ಎಲೆಯ ಮೇಲ್ಭಾಗದ್ದೊಂದು, ಕೆಳಭಾಗದ್ದೊಂದು, ಹೊಲದ ಸಾಮಾನ್ಯ ನೋಟವೊಂದು, ಹೀಗೆ ನಾಲ್ಕು ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೆ ತೋರಿಸಬೇಕು. ವಾಟ್ಸಾಪಿನ ಗುಂಪಿನಲ್ಲಿ ಯಾರೋ ಹೇಳಿದ ಔಷಧಿಯನ್ನು ಸಿಂಪಡಿಸಬಾರದು. ಓದು ಬಾರದವರು 1800-180-1551 ಎಂಬ ಕಿಸಾನ್ ಕಾಲ್ ಸೆಂಟರಿಗೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಕೇಳಬಹುದು. ಇದಕ್ಕೆ ಸ್ಮಾರ್ಟ್‌ಫೋನೂ ಬೇಕಿಲ್ಲ.

ಹಣದ ವ್ಯವಹಾರದಲ್ಲಿ ಜಾಗ್ರತೆ

2016ರಲ್ಲಿ ಪ್ರಾರಂಭವಾದ ಯು.ಪಿ.ಐ. ಕ್ರಮದಿಂದ ತರಕಾರಿ, ಹಾಲು ಮಾರುವವರಿಗೆ ಬಹಳ ಸೌಕರ್ಯವಾಗಿದೆ. ಅದರೊಡನೆ ಮೋಸವೂ ಬಂದಿದೆ. ಈ ನಿಯಮಗಳನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿಕೊಳ್ಳತಕ್ಕದ್ದು.

ಹಣವನ್ನು ಪಡೆಯುವುದಕ್ಕೆ ಗುಪ್ತ ಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತಿದರೆ ಹಣವು ಹೋಗುತ್ತದೆಯೇ ಹೊರತು ಬರುವುದಿಲ್ಲ. ಫೋನಿಗೆ ಬಂದ ಒ.ಟಿ.ಪಿ.ಯನ್ನು ಬ್ಯಾಂಕಿನವನೆಂದು ಹೇಳಿಕೊಂಡವನಿಗೂ ತಿಳಿಸಬಾರದು. ‘ಪಿ.ಎಂ. ಕಿಸಾನ್ ಕಂತು ಬಂದಿದೆ, ಇದನ್ನು ಒತ್ತಿರಿ’ ಎಂದು ವಾಟ್ಸಾಪಿನಲ್ಲಿ ಬರುವ ಎ.ಪಿ.ಕೆ. ಕಡತವನ್ನು ತೆರೆಯಬಾರದು, ಅದು ಫೋನಿನೊಳಕ್ಕೆ ಕಳ್ಳನನ್ನು ಬಿಟ್ಟುಕೊಂಡಂತೆ. ಫೋನಿನಲ್ಲಿಯೇ ‘ಬಂಧಿಸಿದ್ದೇವೆ’ ಎಂದು ಹೆದರಿಸುವವರು ಮೋಸಗಾರರು. ಅಂಥ ಬಂಧನವು ಕಾನೂನಿನಲ್ಲಿಲ್ಲ. ಮಾರಾಟವಾದಾಗ ಕೊಂಡವನು ತೋರಿಸಿದ ಪರದೆಯನ್ನು ನಂಬದೆ ತನ್ನ ಖಾತೆಗೆ ಜಮೆಯಾದುದನ್ನು ನೋಡಿಯೇ ಸರಕನ್ನು ಬಿಡಬೇಕು.

ಇಷ್ಟಾಗಿಯೂ ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿದುಹೋಗುವ ಮೊದಲು ತಿಳಿಸಿದರೆ ತಡೆಯುವ ಅವಕಾಶವುಂಟು. ಫೋನೇ ಕಳೆದುಹೋದರೆ ಸಿಮ್ಮನ್ನು ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರಿತ್ತು, ಸಂಚಾರ ಸಾಥಿಯಲ್ಲಿ ಐ.ಎಂ.ಇ.ಐ. ಸಂಖ್ಯೆಯನ್ನು ತಡೆಹಿಡಿಸಬೇಕು. ಈ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಮೊದಲೇ ಬರೆದಿಟ್ಟುಕೊಂಡಿರತಕ್ಕದ್ದು.

ಕಾಪಾಡುವ ಕ್ರಮ

ಬ್ಯಾಟರಿಗೆ ಶಾಖವೇ ಶತ್ರು. ಟ್ರಾಕ್ಟರಿನ ಮೇಲೆ ಬಿಸಿಲಿನಲ್ಲಿ ಬಿಡುವುದು, ದಿಂಬಿನ ಕೆಳಗಿಟ್ಟು ಚಾರ್ಜು ಮಾಡುವುದು, ಇವೆರಡೂ ಹಾನಿಕರ. ಬ್ಯಾಟರಿ ಉಬ್ಬಿದ ಫೋನನ್ನು ಉಪಯೋಗಿಸಲೇಬಾರದು. ಗುಡುಗು ಸಿಡಿಲಿನ ವೇಳೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ಔಷಧಿ ಸಿಂಪಡಿಸುತ್ತಿರುವ ಕೈಯಿಂದ ಫೋನನ್ನು ಮುಟ್ಟಬಾರದು. ಅದೇ ಫೋನು ಆಮೇಲೆ ಮಗುವಿನ ಕೈಗೆ ಹೋಗುತ್ತದೆ.

ಗ್ರಾಮದ ಮುಖಂಡರ ಕರ್ತವ್ಯ

ಎಲ್ಲ ರೈತರ ಬಳಿಯೂ ಸ್ಮಾರ್ಟ್‌ಫೋನು ಇರುವುದಿಲ್ಲ. ಇದ್ದವರೆಲ್ಲರಿಗೂ ಅದನ್ನು ನಡೆಸಲು ಬರುವುದೂ ಇಲ್ಲ. ಎರಡು ಎಕರೆಯ ವಿಧವೆಯೊಬ್ಬಳ ರಾಗಿಯು ದಾಖಲೆಯಿಂದ ಬಿಟ್ಟುಹೋದರೆ ಅದು ಆಕೆಯೊಬ್ಬಳ ನಷ್ಟವೆಂದು ಗ್ರಾಮವು ಸುಮ್ಮನಿರಲಾಗದು. ಆದ್ದರಿಂದ ಮುಖಂಡರೂ ದೊಡ್ಡ ಹಿಡುವಳಿದಾರರೂ ಸಮೀಕ್ಷೆಯ ಗಡುವಿಗೆ ಹದಿನೈದು ದಿನ ಮುಂಚೆ, ಅರಳಿಕಟ್ಟೆಯ ಬಳಿಯಾಗಲಿ ಪಂಚಾಯತಿ ಕಚೇರಿಯಲ್ಲಾಗಲಿ ಜನರನ್ನು ಸೇರಿಸಿ, ಓದಿದ ಇಬ್ಬರು ಮೂವರು ಹುಡುಗ ಹುಡುಗಿಯರನ್ನು ಗೊತ್ತುಮಾಡಿ, ಫೋನಿಲ್ಲದವರ ಹೊಲಗಳಿಗೆ ಅವರ ಎದುರಿನಲ್ಲಿಯೇ ಹೋಗಿ ದಾಖಲಿಸುವಂತೆ ಏರ್ಪಾಡು ಮಾಡಬೇಕು. ದಾಖಲಿಸಿದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಒಡೆಯರಿಂದ ಒಪ್ಪಿಗೆ ಪಡೆದ ಮೇಲೆಯೇ ಕಳುಹಿಸತಕ್ಕದ್ದು. ಸಹಾಯ ಮಾಡುವವರು ಯಾರ ಗುಪ್ತ ಸಂಖ್ಯೆಯನ್ನೂ ಕೇಳಕೂಡದು.

ಹಿಂದೆ ಗ್ರಾಮದ ಲೆಕ್ಕವು ಒಬ್ಬರ ಕಡತದಲ್ಲಿತ್ತು. ಈಗ ಅದು ಪ್ರತಿಯೊಬ್ಬನ ಅಂಗೈಗೆ ಬಂದಿದೆ. ಅಂಗೈಯಲ್ಲಿರುವುದನ್ನು ಓದಿ ನೋಡುವ ಅಭ್ಯಾಸವೊಂದನ್ನು ರೈತನು ಮಾಡಿಕೊಂಡರೆ ಹತ್ತು ಸಾವಿರದ ಈ ಯಂತ್ರವು ಅದರ ಅನೇಕ ಪಾಲು ಬೆಲೆಯ ಬೆಳೆಯನ್ನೂ ಭೂಮಿಯನ್ನೂ ಕಾಯುವುದರಲ್ಲಿ ಸಂದೇಹವಿಲ್ಲ.