ಗ್ಯಾಸಿಗೂ ಮೊದಲು ಪೆಟ್ರೋಲ್

ಕಾರಿಗೆ ನೈಟ್ರಸ್ ಹಾಕಿಸಬೇಕು ಅಂತ ಯಲಹಂಕ, ಹೆಬ್ಬಾಳದ ಹುಡುಗರು ಬಂದು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನ ಗಾಡಿಯ ಫ್ಯುಯಲ್ ಪಂಪ್ ಎಷ್ಟು ಹಳೆಯದು? ಮುಖ ಮುಖ ನೋಡಿಕೊಳ್ಳುತ್ತಾರೆ. ಕಿಟ್ಟಿನ ಬೆಲೆ ಬಾಯಿಪಾಠ ಆಗಿರುತ್ತದೆ, ಟ್ಯಾಂಕಿನೊಳಗೆ ಮುಳುಗಿ ಕೂತಿರುವ ಪಂಪಿನ ನೆನಪೇ ಇರುವುದಿಲ್ಲ. ನಿನಗೂ ಅದೇ ಆಸೆಯಿದ್ದರೆ ಕೂತ್ಕೊಳ್ಳಪ್ಪಾ, ಹೇಳುತ್ತೇನೆ. ಆಸೆ ತಪ್ಪಲ್ಲ.

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಗ್ಯಾಸಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಗೆ ಬಳಸುವುದೂ ಇದೇ. ಅದರ ತೂಕದಲ್ಲಿ ಶೇ 36ರಷ್ಟು ಆಮ್ಲಜನಕವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ 23. ಎಂಜಿನ್ನಿನ ಬಿಸಿಗೆ ಒಡೆದು ಆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಅಷ್ಟೇ ಅದರ ಕೆಲಸ. ಹೆಚ್ಚಿಗೆ ಬರುವ ಕುದುರೆಬಲವೆಲ್ಲ ಅದರ ಜೊತೆ ಹೆಚ್ಚಿಗೆ ಉರಿಯುವ ಪೆಟ್ರೋಲಿನದು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಜಿಎಂ-1 ಎಂಬ ಹೆಸರಿನಲ್ಲಿ ಇದನ್ನು ಯುದ್ಧವಿಮಾನಗಳ ಎಂಜಿನ್ನಿಗೆ ಬಿಡುತ್ತಿದ್ದರು. ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೋಲುತ್ತದೆ, ಅದಕ್ಕೆ. ವಾಯುನೆಲೆಯ ವಿಮಾನಗಳ ಸದ್ದು ಕೇಳುತ್ತಲೇ ಬೆಳೆದ ಯಲಹಂಕದ ಮಕ್ಕಳಿಗೆ ಇದು ತಿಳಿದಿರಬೇಕು. ನಮ್ಮ ಬೆಂಗಳೂರೂ ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಚೆನ್ನೈಯಲ್ಲಿ ಎಳೆದುಕೊಳ್ಳುವ ಗಾಳಿಗಿಂತ ಇಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ ಎಳೆಯುತ್ತದೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಗ್ಯಾಸ್ ಕಟ್ಟಿಂಗ್ ಮಾಡುವುದನ್ನು ನೋಡಿದ್ದೀಯಲ್ಲ? ಅದುವರೆಗೆ ಕಬ್ಬಿಣವನ್ನು ಬರೀ ಕೆಂಪಗೆ ಕಾಯಿಸುತ್ತಿದ್ದ ಬೆಂಕಿ, ಆಕ್ಸಿಜನ್ ಲಿವರ್ ಒತ್ತಿದ ಕೂಡಲೇ ಸೀಳಿಕೊಂಡು ಹೋಗುತ್ತದೆ. ನೈಟ್ರಸ್ ಬಂದು ಅದಕ್ಕೆ ತಕ್ಕ ಪೆಟ್ರೋಲ್ ಬಾರದಿದ್ದರೆ ಪಿಸ್ಟನ್ನಿಗೂ ಅದೇ ಗತಿ. ಅಂಥ ಎಂಜಿನ್ ಬಿಚ್ಚಿದರೆ ಪಿಸ್ಟನ್ ತಲೆಯ ಅಂಚು ಕರಗಿ ಇಳಿದಿರುತ್ತದೆ, ಮೇಲಿನ ರಿಂಗ್ ಕೂರುವ ಜಾಗ ಮುರಿದಿರುತ್ತದೆ. ಅಷ್ಟಾಗುವ ಮೊದಲೇ ಸ್ಪಾರ್ಕ್ ಪ್ಲಗ್ ಸುಳಿವು ಕೊಡುತ್ತದೆ. ಒಂದು ಓಟ ಮುಗಿದ ತಕ್ಷಣ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚು. ಭೂತಗನ್ನಡಿ ಹಿಡಿದು ಒಳಗಿನ ಬಿಳಿ ಪಿಂಗಾಣಿಯನ್ನು ಬೆಳಕಿಗೆ ತಿರುಗಿಸಿ ನೋಡು. ಸಣ್ಣ ಕಪ್ಪು ಚುಕ್ಕಿಗಳಿದ್ದರೆ ನಾಕಿಂಗ್ ಶುರುವಾಗಿದೆ. ಮಿನುಗುವ ಅಲ್ಯೂಮಿನಿಯಂ ಕಣ ಕಂಡರೆ, ಅದು ನಿನ್ನ ಪಿಸ್ಟನ್ನಿನದೇ. ಇನ್ನೊಂದು ಓಟ ಓಡಿಸಬೇಡ.

ಇಂಜೆಕ್ಷನ್ ಗಾಡಿಗೆ ಕಿಟ್ ಎರಡು ಬಗೆಯದು. ಡ್ರೈ ಕಿಟ್ಟಿನಲ್ಲಿ ಗ್ಯಾಸ್ ಮಾತ್ರ ಒಳಗೆ ಹೋಗುತ್ತದೆ, ಹೆಚ್ಚಿನ ಪೆಟ್ರೋಲನ್ನು ಗಾಡಿಯ ಇಂಜೆಕ್ಟರುಗಳೇ ಕೊಡಬೇಕು. ಅವು ಆಗಲೇ ತಮ್ಮ ಶಕ್ತಿಯೆಲ್ಲ ಹಾಕಿ ಸುರಿಯುತ್ತಿದ್ದರೆ ಇನ್ನೆಲ್ಲಿಂದ ಕೊಟ್ಟಾವು? ವೆಟ್ ಕಿಟ್ಟಿನಲ್ಲಿ ಒಂದೇ ನಾಜಲ್ಲಿನಿಂದ ಗ್ಯಾಸೂ ಪೆಟ್ರೋಲೂ ಬರುತ್ತವೆ. ಆದರೆ ಈಗಿನ ಗಾಡಿಗಳ ಇಂಟೇಕ್ ಮ್ಯಾನಿಫೋಲ್ಡ್ ಮಾಡಿರುವುದು ಬರೀ ಗಾಳಿ ಸಾಗಿಸಲಿಕ್ಕೆ. ಪೆಟ್ರೋಲ್ ತಿರುವುಗಳಲ್ಲಿ ನಿಂತುಬಿಡುತ್ತದೆ. ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗುತ್ತದೆ. ಬ್ಯಾಕ್‌ಫೈರ್ ಆದರೆ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಚೂರಾಗುತ್ತದೆ. ಯಾವ ಕಿಟ್ ಆದರೂ ಪಂಪಿನ ಒತ್ತಡವನ್ನು ಪೂರ್ತಿ ಲೋಡಿನಲ್ಲಿ ಗೇಜ್ ಹಾಕಿ ಅಳೆಸು. ಆಮೇಲೆ ಒಂದು ನಂಬರ್ ಕೋಲ್ಡ್ ಪ್ಲಗ್, 95 ಆಕ್ಟೇನಿಗೆ ಕಡಿಮೆಯಿಲ್ಲದ ಪೆಟ್ರೋಲ್. ಪ್ರತಿ 50 ಎಚ್‌ಪಿಗೆ ಸುಮಾರು ಎರಡು ಡಿಗ್ರಿ ಟೈಮಿಂಗ್ ಹಿಂದಕ್ಕೆ ಎನ್ನುವುದು ಟ್ಯೂನರುಗಳ ಲೆಕ್ಕ. ಮೊದಲ ಸಲ 50 ಎಚ್‌ಪಿಗಿಂತ ದೊಡ್ಡ ಜೆಟ್ ಮುಟ್ಟಲೇಬೇಡ. ಆಕ್ಸಿಲರೇಟರ್ ಪೂರ್ತಿ ಒತ್ತಿ, 3000 ಆರ್‌ಪಿಎಂ ದಾಟಿದ ಮೇಲಷ್ಟೇ ಗ್ಯಾಸ್ ಬರಬೇಕು. ರೆವ್ ಲಿಮಿಟರ್ ಮುಟ್ಟುವ ಮೊದಲೇ ನಿಲ್ಲಬೇಕು. ಲಿಮಿಟರ್ ಇಂಜೆಕ್ಟರನ್ನು ನಿಲ್ಲಿಸುತ್ತದೆ, ಗ್ಯಾಸನ್ನು ನಿಲ್ಲಿಸುವುದಿಲ್ಲ. ಆ ಕೆಲಸಕ್ಕೆಂದೇ ವಿಂಡೋ ಸ್ವಿಚ್ ಇದೆ. ದುಡ್ಡು ಉಳಿಸಲು ಅದನ್ನು ಬಿಟ್ಟು ಕಿಟ್ ಕೂರಿಸುವವನ ಹತ್ತಿರ ಗಾಡಿ ಬಿಡಬೇಡ.

ಬಾಟಲಿಗೆ ನಮ್ಮ ಬೇಸಿಗೆ ಆಗಿಬರುವುದಿಲ್ಲ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 50 ಬಾರ್. 36.4 ಡಿಗ್ರಿ ದಾಟಿದರೆ ನೈಟ್ರಸ್ ದ್ರವವಾಗಿಯೇ ಉಳಿಯುವುದಿಲ್ಲ, ಒತ್ತಡ 72 ಬಾರ್ ಮೀರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ಇನ್ನೂ ಹೆಚ್ಚು. ಒತ್ತಡ ಬದಲಾದರೆ ಅದೇ ಜೆಟ್‌ನಲ್ಲಿ ಹೋಗುವ ಗ್ಯಾಸಿನ ಪ್ರಮಾಣವೂ ಬದಲಾಗುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿದ ಟ್ಯೂನಿಂಗ್ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ಗೇಜ್ ನೋಡದೆ ವಾಲ್ವ್ ತಿರುಗಿಸಬೇಡ. ಸೇಫ್ಟಿ ಡಿಸ್ಕಿನ ಪೈಪು ಕಾರಿನ ಹೊರಗೆ ತೆರೆಯುವಂತಿರಲಿ. ಆಸ್ಪತ್ರೆಯ ಸಿಲಿಂಡರಿನಿಂದ ತುಂಬಿಸಿಕೊಡುತ್ತೇನೆ ಅನ್ನುವವನನ್ನು ಹತ್ತಿರ ಸೇರಿಸಬೇಡ. ಮೋಜಿಗೆ ಯಾರೂ ಈ ಗ್ಯಾಸನ್ನು ಮೂಸಬಾರದು. ಬಿ12 ಕೆಟ್ಟು ನರಗಳೇ ಸೋಲುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದೆಷ್ಟು? ನಾಲ್ಕೂವರೆ ಕಿಲೋ ಬಾಟಲಿ 100 ಎಚ್‌ಪಿ ಜೆಟ್ಟಿಗೆ ಎರಡು ನಿಮಿಷಕ್ಕೂ ಸಾಲದು. ಆ ಎರಡು ನಿಮಿಷವನ್ನು ನಸುಕಿನಲ್ಲಿ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದಿಂದ ಸಾದಹಳ್ಳಿವರೆಗೆ ಖರ್ಚು ಮಾಡುವ ಹುಡುಗರಿದ್ದಾರೆ. ಅದೇ ಹೊತ್ತಿಗೆ ಆ ರಸ್ತೆಯಲ್ಲಿ ರಾತ್ರಿಪಾಳಿ ಮುಗಿಸಿದ ಕ್ಯಾಬ್ ಡ್ರೈವರ್ ಇರುತ್ತಾನೆ, ತರಕಾರಿ ಗಾಡಿಗಳಿರುತ್ತವೆ, ಮನೆಗೆಲಸಕ್ಕೆ ಹೊರಟ ಹೆಂಗಸರು ರಸ್ತೆ ದಾಟುತ್ತಿರುತ್ತಾರೆ. ಅವರ ಜೀವಕ್ಕೆ ಯಾವ ಟ್ಯೂನಿಂಗೂ ರಕ್ಷಣೆ ಅಲ್ಲ. ಕಾನೂನೂ ಸ್ಪಷ್ಟವಾಗಿದೆ: ಕಂಪನಿ ಕೊಟ್ಟ ಗಾಡಿಯ ಸ್ವರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲಾಗಬಹುದು. ಅಪಘಾತವಾದರೆ ವಿಮೆ ಕಂಪನಿ ಕೈಯೆತ್ತಬಹುದು.

ಅದಕ್ಕೇ ಹೇಳುತ್ತೇನೆ, ದಿನ ಓಡಿಸುವ ಕಾರನ್ನು ಹಾಗೇ ಬಿಡು. ಟ್ರ್ಯಾಕಿಗೆಂದೇ ಹಳೆಯ ಗಾಡಿಯೊಂದನ್ನು ಕಟ್ಟು, ಸ್ನೇಹಿತರು ಸೇರಿ ಟ್ರೇಲರ್ ಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ ಒಯ್ಯಿರಿ. ಅಲ್ಲಿ ಗಾಳಿ ದಟ್ಟ, ಯಲಹಂಕದಲ್ಲಿ ನಾಕಿಂಗ್ ಇಲ್ಲದೆ ಓಡಿದ ಎಂಜಿನ್ ಅಲ್ಲಿ ನಾಕ್ ಮಾಡಬಹುದು. ಟೈಮಿಂಗನ್ನು ಅಲ್ಲೇ ಇನ್ನೊಮ್ಮೆ ನೋಡಿಸಿ. ಹೆಲ್ಮೆಟ್ ಹಾಕಿ, ಆಂಬುಲೆನ್ಸ್ ನಿಂತಿರುವ ಕಡೆ ಎಷ್ಟು ಬೇಕಾದರೂ ಓಡಿಸಿ. ಬಳ್ಳಾರಿ ರಸ್ತೆಯಲ್ಲಿ ಮಾತ್ರ ಬೇಡ ಕಣಪ್ಪಾ.