ಹೆಗಲಿನ ಕೀಲು ಜಾರುವುದು: ಅದರ ಪರೀಕ್ಷೆಯೂ ಚಿಕಿತ್ಸೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಿಂದ ಬದುಕುವವರು ತಮ್ಮ ಹೆಗಲಿನ ಬಲದಿಂದಲೇ ಬದುಕುವರೆಂದು ಹೇಳಿದರೆ ತಪ್ಪಾಗಲಾರದು. ಮರವೇರುವುದು, ಕಾಯಿಗಳನ್ನು ಅಟ್ಟಕ್ಕೇರಿಸುವುದು, ಕೊಬ್ಬರಿಯಾದ ಮೇಲೆ ಸುಲಿಯುವುದು, ಇವೆಲ್ಲವೂ ತೋಳಿನ ಕೆಲಸಗಳೇ. ಆದುದರಿಂದ ಈ ಕೀಲಿನ ವಿಷಯವನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರಬೇಕೆಂದೆಣಿಸಿ ಈ ಪಾಠವನ್ನು ಬರೆದಿರುವೆವು. ಇದರಲ್ಲಿ ಮುಖ್ಯವಾಗಿ ನೆನಪಿಡತಕ್ಕ ಮಾತು ಒಂದೇ: ಜಾರಿದ ಕೀಲನ್ನು ಸ್ವಸ್ಥಾನಕ್ಕೆ ಸೇರಿಸಿದ ಮಾತ್ರಕ್ಕೆ ಗುಣವಾಯಿತೆಂದು ತಿಳಿಯಬಾರದು, ಒಳಗೆ ಹರಿದಿರುವುದೇನೆಂಬುದನ್ನು ವಿಚಾರಿಸಬೇಕು.

ಕೀಲಿನ ರಚನೆ

ಹೆಗಲಿನ ಹಲಗೆಮೂಳೆಯಲ್ಲಿ ಆಳವಿಲ್ಲದ ಸಣ್ಣ ಕುಳಿಯೊಂದುಂಟು. ತೋಳಿನ ಮೂಳೆಯ ದುಂಡನೆಯ ತಲೆಯು ಅದಕ್ಕೆ ಒರಗಿಕೊಂಡಿರುವುದು. ತಲೆಯು ದೊಡ್ಡದು, ಕುಳಿಯು ಚಿಕ್ಕದು. ಪುಟ್ಟ ತಟ್ಟೆಯ ಮೇಲೆ ಉಂಡೆ ಕೊಬ್ಬರಿಯನ್ನಿಟ್ಟ ಹಾಗೆ. ಇದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲುದು; ಇದರಿಂದಲೇ ಜಾರಲೂ ಬಲ್ಲುದು. ಬಿಂದಿಗೆಯು ಉರುಳದಂತೆ ಅದರಡಿಗೆ ಸಿಂಬೆಯನ್ನಿಡುವೆವಷ್ಟೆ. ಹಾಗೆಯೇ ಕುಳಿಯ ಅಂಚಿನ ಸುತ್ತಲೂ ನಾರಿನಂಥ ಗಟ್ಟಿಯಾದ ಬಳೆಯೊಂದಿದ್ದು ಕುಳಿಯನ್ನು ಆಳಗೊಳಿಸುವುದು. ವೈದ್ಯರು ಇದನ್ನು ಲೇಬ್ರಮ್ ಎಂದು ಕರೆಯುವರು. ಇದಕ್ಕೆ ಅಂಟಿಕೊಂಡ ಅಸ್ಥಿರಜ್ಜುಗಳು ಹಗ್ಗಗಳಂತೆ ಮೂಳೆಯನ್ನು ಹಿಡಿದಿರುವುವು. ಇವುಗಳ ಹೊರಗೆ ಸ್ನಾಯುಗಳ ಕಾವಲುಂಟು.

ಜಾರುವ ಬಗೆ

ಮರದಿಂದ ಜಾರಿದವನು ಒಂದೇ ಕೈಯಲ್ಲಿ ಮಟ್ಟೆಯನ್ನು ಹಿಡಿದು ತೂಗಿದಾಗ, ಚಾಚಿದ ಕೈಯ ಮೇಲೆ ಬಿದ್ದಾಗ, ಇಲ್ಲವೆ ಕಬಡ್ಡಿಯಲ್ಲಿ ತೋಳನ್ನು ಹಿಂದಕ್ಕೆಳೆದಾಗ ಮೂಳೆಯ ತಲೆಯು ಕುಳಿಯಿಂದ ಹೊರಬೀಳುವುದುಂಟು. ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿ ಅದು ಮುಂದಕ್ಕೇ ಜಾರುವುದು. ಆಗ ಕುಳಿಯ ಮುಂದಣ ಕೆಳ ಅಂಚಿನಿಂದ ಆ ಸಿಂಬೆಯೂ ಅಸ್ಥಿರಜ್ಜುವೂ ಕಿತ್ತುಬರುವುವು. ಲಂಡನ್ನಿನ ಶಸ್ತ್ರವೈದ್ಯರಾದ ಬ್ಲಂಡೆಲ್ ಬ್ಯಾಂಕಾರ್ಟರು 1923ರಲ್ಲಿಯೂ 1938ರಲ್ಲಿಯೂ ಬರೆದ ಲೇಖನಗಳಲ್ಲಿ, ಕೀಲು ಪದೇ ಪದೇ ಜಾರುವುದಕ್ಕೆ ಈ ಹರಿತವೇ ಮೂಲವೆಂದು ತೋರಿಸಿ, ಹರಿದುದನ್ನು ಮೂಳೆಗೆ ಮರಳಿ ಹೊಲಿಯುವ ಕ್ರಮವನ್ನು ತಿಳಿಸಿದರು. ಜಾರಿದ ತಲೆಯು ಅಂಚಿಗೆ ಒತ್ತಿ ಅದರ ಹಿಂಭಾಗದಲ್ಲಿ ತಗ್ಗು ಬೀಳುವುದನ್ನು ಹಿಲ್ ಮತ್ತು ಸ್ಯಾಕ್ಸ್ ಎಂಬುವರು 1940ರಲ್ಲಿ ವಿವರಿಸಿದರು.

ಕೂಡಲೆ ಮಾಡತಕ್ಕದ್ದು

ಜಾರಿದ ತೋಳನ್ನು ಮನೆಯವರಾಗಲಿ ನೆರೆಯವರಾಗಲಿ ಎಳೆಯಬಾರದು, ಎಣ್ಣೆ ಹಚ್ಚಿ ನೀವಬಾರದು. ಮೂಳೆ ಮುರಿದಿದ್ದರೆ ಎಳೆತದಿಂದ ಕೇಡು ಹೆಚ್ಚುವುದು. ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು. ತೋಳು ಇದ್ದ ಸ್ಥಿತಿಯಲ್ಲಿಯೇ ಬಟ್ಟೆಯ ಜೋಲಿಯಿಂದ ಆಸರೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ವೈದ್ಯರು ನಾಡಿಯನ್ನೂ, ತೋಳಿನ ಮೇಲ್ಭಾಗದ ಹೊರಮೈ ಮರಗಟ್ಟಿದೆಯೇ ಎಂಬುದನ್ನೂ ನೋಡಿ, ಎಕ್ಸ್ ರೇ ತೆಗೆಸಿ, ನೋವು ತಿಳಿಯದಂತೆ ಮಾಡಿ ಕೀಲನ್ನು ಸೇರಿಸುವರು.

ಪರೀಕ್ಷೆ

ಕೀಲನ್ನು ಸೇರಿಸಿದ ಮೇಲೆ ಹರಿತವನ್ನು ಹುಡುಕಬೇಕು. ವೈದ್ಯರು ರೋಗಿಯನ್ನು ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿಸಿ, ಮೊಣಕೈ ಮಡಿಸಿ, ಮೆಲ್ಲನೆ ಹೊರಕ್ಕೆ ತಿರುಗಿಸುವರು. ಕೀಲು ಸಡಿಲವಾಗಿದ್ದರೆ ರೋಗಿಯು ‘ಈಗ ಜಾರೀತು’ ಎಂದು ಅಂಜುವಳು. ಮುಂದಿನಿಂದ ಒತ್ತಿ ಹಿಡಿದರೆ ಆ ಅಂಜಿಕೆ ಅಡಗುವುದು. ಇದನ್ನು ಮನೆಯಲ್ಲಿ ಮಾಡಿನೋಡತಕ್ಕದ್ದಲ್ಲ. ಎಕ್ಸ್ ರೇಯಲ್ಲಿ ಮೂಳೆ ಕಾಣುವುದಲ್ಲದೆ ಸಿಂಬೆಯೂ ರಜ್ಜುವೂ ಕಾಣವು, ಅವುಗಳಿಗೆ ಎಂ.ಆರ್.ಐ. ಪರೀಕ್ಷೆ ಬೇಕು. ಮೂಳೆಯ ಅಂಚು ಸವೆದಿದ್ದರೆ ಸಿ.ಟಿ. ಪರೀಕ್ಷೆಯು ಅಳತೆಯನ್ನು ತಿಳಿಸುವುದು. ನಾಲ್ವತ್ತು ವರುಷ ದಾಟಿದವರಲ್ಲಿ ಸ್ನಾಯುರಜ್ಜುಗಳು ಹರಿದಿರುವುದೂ ಉಂಟಾದ್ದರಿಂದ ಅದನ್ನೂ ನೋಡಬೇಕು.

ಚಿಕಿತ್ಸೆ

ಮೊದಲ ಸಲ ಜಾರಿದಾಗ ಸಾಮಾನ್ಯವಾಗಿ ಒಂದರಿಂದ ಮೂರು ವಾರ ತೋಳನ್ನು ಜೋಲಿಯಲ್ಲಿಟ್ಟು, ಬಳಿಕ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಕ್ರಮವಾಗಿ ಮಾಡಿಸುವರು. ಮತ್ತೆ ಮತ್ತೆ ಜಾರಿದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕು. ಈಗ ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಕೆಯನ್ನು ತೂರಿಸಿ, ಕಿತ್ತ ಸಿಂಬೆಯನ್ನು ಕಿರುಗೂಟಗಳಿಂದಲೂ ದಾರದಿಂದಲೂ ಮೂಳೆಗೆ ಬಿಗಿಯುವರು. ಮೂಳೆಯೇ ಬಹಳ ಸವೆದಿದ್ದರೆ ಫ್ರಾನ್ಸಿನ ಲಾಟಾರ್ಜೆಯವರು 1954ರಲ್ಲಿ ತಿಳಿಸಿದಂತೆ, ಹಲಗೆಮೂಳೆಯದೇ ಒಂದು ತುಣುಕನ್ನು ಅಂಚಿಗೆ ಕೂಡಿಸುವರು. ಶಸ್ತ್ರಚಿಕಿತ್ಸೆಯ ತರುವಾಯವೂ ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಆಟಕ್ಕೆ ಮರಳಲು ಸುಮಾರು ಆರು ತಿಂಗಳು ಹಿಡಿಯುವುದು. ಕೆಲವು ಹುಡುಗಿಯರಿಗೆ ಪೆಟ್ಟಿಲ್ಲದೆಯೇ, ಹುಟ್ಟಿನಿಂದ ಬಂದ ಸಡಿಲದಿಂದ, ಕೀಲು ಜಾರುವುದುಂಟು. ಅಂಥವರಿಗೆ ಮೊದಲ ಔಷಧವು ವ್ಯಾಯಾಮವೇ ಹೊರತು ಶಸ್ತ್ರವಲ್ಲ.

ತಾಯಂದಿರಿಗೆ ಒಂದು ಮಾತು

ಎಳೆಯ ವಯಸ್ಸಿನಲ್ಲಿ ಒಮ್ಮೆ ಜಾರಿದ ಹೆಗಲು ಮತ್ತೆ ಜಾರುವ ಸಂಭವ ಬಹಳ ಹೆಚ್ಚು. ವಯಸ್ಸಾದಂತೆ ಅದು ಕಡಿಮೆ. ಹೀಗಿರುವಾಗ, ಸಂಬಂಧ ನೋಡುವವರು ಏನೆಂದಾರೋ ಎಂಬ ಶಂಕೆಯಿಂದ ಮಗಳ ನೋವನ್ನು ಮುಚ್ಚಿಡುವುದು ಅವಳಿಗೆ ಮಾಡುವ ಅನ್ಯಾಯವೆಂದೇ ನಾವು ಹೇಳುವೆವು. ಪ್ರತಿಯೊಂದು ಜಾರಿಕೆಯೂ ಮೂಳೆಯನ್ನು ಇನ್ನಷ್ಟು ಸವೆಯಿಸಿ, ಮುಂದೆ ಕೀಲುವಾತಕ್ಕೆ ದಾರಿಮಾಡುವುದು. ತಲೆ ಬಾಚುವುದಕ್ಕೂ ಮಗುವನ್ನೆತ್ತುವುದಕ್ಕೂ ಅಂಜುತ್ತ ಬಾಳುವುದಕ್ಕಿಂತ, ಕಾಲದಲ್ಲಿ ವೈದ್ಯರಿಗೆ ತೋರಿಸುವುದು ಲೇಸು. ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆಯು ಅಪಘಾತ ಮತ್ತು ಮೂಳೆಗಳ ಚಿಕಿತ್ಸೆಗೆಂದೇ ಇರುವ ಸಾರ್ವಜನಿಕ ಸಂಸ್ಥೆಯೆಂಬುದನ್ನೂ ತಿಳಿದಿರಬೇಕು.

ಅಭ್ಯಾಸದ ಪ್ರಶ್ನೆಗಳು

1. ಹೆಗಲಿನ ಕೀಲು ಎಲ್ಲ ದಿಕ್ಕಿಗೂ ತಿರುಗುವುದಕ್ಕೂ ಸುಲಭವಾಗಿ ಜಾರುವುದಕ್ಕೂ ಒಂದೇ ಕಾರಣವುಂಟು, ಅದು ಯಾವುದು?
2. ಜಾರಿದ ತೋಳನ್ನು ಎಳೆಯಬಾರದೇಕೆ?
3. ಎಕ್ಸ್ ರೇಯಲ್ಲಿ ದೋಷ ಕಾಣದಿದ್ದರೂ ಕೀಲು ಸರಿಯಿದೆಯೆಂದು ಹೇಳಲಾಗದೇಕೆ?